ಮೆಕ್‌ಕಿಟ್ರಿಕ್ ಕಣಿವೆಯ ಸುರುಳಿಕಲ್ಲು

ಗೇಟಿನ ಮುಂದೆ

ಕಾರಿನ ಗಡಿಯಾರದಲ್ಲಿ ಎಂಟು ಗಂಟೆ ಹನ್ನೆರಡು ನಿಮಿಷ. ಕಣಿವೆಯ ಗೇಟಿಗೆ ಸುತ್ತಿದ ಸರಪಳಿ ಮಾತ್ರ ಹಾಗೇ ಇತ್ತು. ಎಂಟಕ್ಕೆ ತೆರೆಯುತ್ತೇವೆ ಎಂದು ಪಕ್ಕದ ಫಲಕ ಹೇಳುತ್ತಿತ್ತು.

“ಏನಮ್ಮಾ ಇದು, ಇಲ್ಲೂ ಲೇಟಾ?” ಎಂದು ಶ್ರೀಧರ್ ಸ್ಟಿಯರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕಿದರು.

“ಸರ್ಕಾರಿ ಕೆಲಸ ಅಂದಮೇಲೆ ಎಲ್ಲಾದರೂ ಅಷ್ಟೇ ಕಣೋ,” ಎಂದರು ಹಿಂದಿನ ಸೀಟಿನಿಂದ ಅವರ ತಾಯಿ ಪದ್ಮಾವತಮ್ಮ. ಅವರ ದನಿಯಲ್ಲಿ ದೂರಿಗಿಂತ ಸಮಾಧಾನವೇ ಹೆಚ್ಚಿತ್ತು. ನಾಲ್ಕು ತಿಂಗಳ ಅಮೆರಿಕದಲ್ಲಿ ಅವರಿಗೆ ಎದುರಾದ ಮೊದಲ ಪರಿಚಿತ ಸಂಗತಿ ಅದೇ ಇರಬೇಕು.

ನಾನು ಇಳಿದು ಫಲಕವನ್ನು ಇನ್ನೊಮ್ಮೆ ಓದಿದೆ. ಕೆಳಗೆ ಸಣ್ಣಕ್ಷರದಲ್ಲಿ ಮೌಂಟನ್ ಟೈಮ್ ಎಂದಿತ್ತು. ಟೆಕ್ಸಾಸ್ ಎಷ್ಟು ಅಗಲವೆಂದರೆ ಅದರ ಪಶ್ಚಿಮದ ಮೂಲೆಗೆ ಬೇರೆಯದೇ ಹೊತ್ತು. ಇಲ್ಲಿ ಇನ್ನೂ ಏಳು ಹನ್ನೆರಡು. ಒಂದೇ ರಾಜ್ಯದೊಳಗೆ ಗಡಿಯಾರ ತಿರುಗಿಸಬೇಕಾದೀತೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಲವತ್ತೆಂಟು ನಿಮಿಷ ಕಾರಿನಲ್ಲೇ ಕುಳಿತು ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಶ್ರೀಧರ್ ಮಗಳು ಅನು ಚಟ್ನಿಪುಡಿಯನ್ನು ಬೆರಳಿನಿಂದ ಒರೆಸಿ ತೆಗೆದು ಬರೀ ಚಪಾತಿ ತಿಂದಳು. ಅವಳಿಗೆ ಒಂಬತ್ತು ವರ್ಷ.

ನಾನು ಆಸ್ಟಿನ್‌ನಲ್ಲಿ ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಊರು ಧಾರವಾಡ. ಗ್ವಾಡಲೂಪ್ ಬೆಟ್ಟಗಳ ಸುಣ್ಣಕಲ್ಲನ್ನು ಕಾಗದದಷ್ಟು ತೆಳುವಾಗಿ ಸವೆಸಿ, ಗಾಜಿಗೆ ಅಂಟಿಸಿ, ಎರಡು ವರ್ಷದಿಂದ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದೆ. ಬೆಟ್ಟವನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಕಾರಿಲ್ಲದವರಿಗೆ ಟೆಕ್ಸಾಸ್‌ನಲ್ಲಿ ಬೆಟ್ಟ ಹಾಗಿರಲಿ, ತರಕಾರಿಯೂ ದೂರ. ಮುಂದಿನ ವಸಂತದಲ್ಲಿ ನನ್ನ ಪ್ರೊಫೆಸರರ ಜೊತೆ ಇಲ್ಲಿ ಕೆಲಸ ಮಾಡಬೇಕಿತ್ತು. ಮಾದರಿ ಕಲ್ಲು ತೆಗೆಯಲು ಇಲ್ಲಿನ ರಾಷ್ಟ್ರೀಯ ಉದ್ಯಾನದವರು ಕೊಡುವ ಅನುಮತಿಯ ಅರ್ಜಿಯಲ್ಲಿ ನನ್ನ ಹೆಸರೂ ಇತ್ತು. ಅದಕ್ಕೆ ಮೊದಲು ಒಮ್ಮೆ ನನ್ನಷ್ಟಕ್ಕೆ ನೋಡಬೇಕೆಂಬ ಆಸೆ.

ಅದನ್ನು ಯಾರ ಬಳಿಯೂ ಹೇಳಿಕೊಂಡವಳಲ್ಲ. ಆಸ್ಟಿನ್ನಿನ ಕನ್ನಡಿಗರ ಗಣೇಶನ ಹಬ್ಬದ ಊಟದಲ್ಲಿ ಪಕ್ಕದ ಎಲೆಗೆ ಕುಳಿತ ಪದ್ಮಾವತಮ್ಮ ಕೇಳಿದ್ದಕ್ಕೆ ಬಾಯಿಬಿಟ್ಟೆ. ಅವರು ಅಲ್ಲೇ ಮಗನನ್ನು ಕರೆದರು. “ಶ್ರೀಧರಾ, ಈ ಹುಡುಗಿ ಎರಡು ವರ್ಷದಿಂದ ಓದ್ತಿರೋ ಬೆಟ್ಟಾನೇ ನೋಡಿಲ್ಲವಂತೆ. ನಾನೂ ನಿಮ್ಮ ಸೀಡರ್ ಪಾರ್ಕ್ ಊರಲ್ಲಿ ಗ್ಯಾರೇಜ್ ಬಾಗಿಲು ಬಿಟ್ಟು ಬೇರೇನೂ ನೋಡಿಲ್ಲ. ಇಬ್ಬರನ್ನೂ ಕರ್ಕೊಂಡು ಹೋಗು.”

ಶ್ರೀಧರ್ ಚಿಪ್ ಕಂಪನಿಯಲ್ಲಿದ್ದರು, ಹೆಂಡತಿಗೆ ರಜೆ ಸಿಗಲಿಲ್ಲ. ಉಳಿದ ನಾವು ನಾಲ್ವರು ಅಕ್ಟೋಬರ್‌ನ ಒಂದು ಶುಕ್ರವಾರ ಹೊರಟೆವು. ಹೀಗೆ ನನ್ನ ಬೆಟ್ಟ ನನಗೆ ಸಿಕ್ಕಿದ್ದು ಪದ್ಮಾವತಮ್ಮನವರಿಂದ. ಮುಂದೆ ಆದದ್ದನ್ನು ಬರೆಯುವಾಗ ಇದನ್ನು ಮರೆಯಬಾರದು.

ಹತ್ತನೇ ಹೆದ್ದಾರಿ

ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ, ಅದು ನೆಟ್ಟಗಿದೆ. ಮಧ್ಯಾಹ್ನದ ನಂತರ ಮರಗಳು ಮುಗಿದವು. ಮುಳ್ಳುಪೊದೆ, ತೈಲದ ಪಂಪು, ಮತ್ತೆ ಮುಳ್ಳುಪೊದೆ. ಪದ್ಮಾವತಮ್ಮ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಭಾರತೀಯ ಅಂಗಡಿಯಿಂದ ಸೊಸೆ ತಂದುಕೊಟ್ಟಿದ್ದ ಒಣದ್ರಾಕ್ಷಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಎದುರಿಗೆ ಬರುವ ಒಂದೊಂದು ಲಾರಿಗೂ “ಇವನ ಹೆಂಡತಿ ಎಲ್ಲಿರ್ತಾಳೋ” ಎಂದು ಚಿಂತಿಸುತ್ತಿದ್ದರು. ನನ್ನ ಕೊರಳಲ್ಲಿ ದಾರಕ್ಕೆ ಕಟ್ಟಿದ ಮಡಚುವ ಭೂತಗನ್ನಡಿಯನ್ನು ನೋಡಿ, “ನಿಮ್ಮ ಕಡೆಯ ಲಿಂಗದ ಕರಡಿಗೆಯೇನೇ?” ಎಂದು ಕೇಳಿದರು. ಅಲ್ಲವೆಂದು ಬಿಡಿಸಿ ತೋರಿಸಿದೆ. ಅದರಲ್ಲಿ ತಮ್ಮ ಬಳೆಯನ್ನೂ ದ್ರಾಕ್ಷಿಯನ್ನೂ ಮಗನ ಕಿವಿಯನ್ನೂ ನೋಡಿ, “ಇವನು ಕಿವಿ ತೊಳೆಯೋದು ಬಿಟ್ಟಿದಾನೆ” ಎಂದು ವರದಿ ಕೊಟ್ಟರು.

ವ್ಯಾನ್ ಹಾರ್ನ್ ಎಂಬ ಸಣ್ಣ ಊರಿನಲ್ಲಿ ಗುಜರಾತಿ ದಂಪತಿ ನಡೆಸುತ್ತಿದ್ದ ಮೋಟೆಲ್‌ನಲ್ಲಿ ತಂಗಿದೆವು. ಅಲ್ಲಿಂದ ಉತ್ತರಕ್ಕೆ ಎಪ್ಪತ್ತು ಮೈಲಿ ಹೋದರೆ ಬೆಟ್ಟ. ಮರುದಿನ ಬೆಳಗಿನ ಬೆಳಕಿನಲ್ಲಿ ಅದು ಎದ್ದು ನಿಂತಿತು. ಸಾವಿರ ಅಡಿ ನೆಟ್ಟಗೆ ಏರಿದ ಬಿಳಿಯ ಗೋಡೆ, ಕೆಳಗೆ ಬಯಲು. ನಮ್ಮ ಯಾಣದ್ದೂ ಸುಣ್ಣಕಲ್ಲೇ, ಆದರೆ ಅದು ಕಾಡಿನ ಕತ್ತಲೆಯಲ್ಲಿ ಕಪ್ಪಾಗಿ ಅವಿತು ನಿಂತ ಕಲ್ಲು, ಹತ್ತಿರ ಹೋಗಿ ಕತ್ತೆತ್ತಿದರೆ ಮಾತ್ರ ಕಾಣುತ್ತದೆ. ಇದು ಐವತ್ತು ಮೈಲಿಯಿಂದಲೇ ತನ್ನನ್ನು ತೋರಿಸಿಕೊಳ್ಳುತ್ತದೆ.

“ನಮ್ಮೂರಲ್ಲಿ ಇದ್ದಿದ್ರೆ ಇಷ್ಟು ಹೊತ್ತಿಗೆ ಮೇಲೆ ದೇವಸ್ಥಾನ, ಸಾವಿರ ಮೆಟ್ಟಿಲು, ಕೆಳಗೆ ಪುರಿ ಅಂಗಡಿ,” ಎಂದರು ಪದ್ಮಾವತಮ್ಮ. “ಪಾಪ, ಸುಮ್ಮನೆ ನಿಂತಿದೆ.”

ಕಣಿವೆ

ಗೇಟು ತೆರೆದವಳು ಅಗಲ ಟೊಪ್ಪಿಯ, ನರೆಗೂದಲಿನ ಒಬ್ಬ ರೇಂಜರ್. ಅನುಗೆ ಒಂದು ಚಿತ್ರಪುಸ್ತಕ ಕೊಟ್ಟು, ನಮ್ಮೆಲ್ಲರಿಗೂ ನಿಯಮಗಳನ್ನು ಹೇಳಿದಳು. ಹೊಳೆಯಲ್ಲಿ ಕಾಲಿಡಬೇಡಿ. ದಾರಿ ಬಿಡಬೇಡಿ. ಎಲೆಯನ್ನಾಗಲಿ ಕಲ್ಲನ್ನಾಗಲಿ ಎತ್ತಿಕೊಳ್ಳಬೇಡಿ. ಒಳ್ಳೆಯ ಪಳೆಯುಳಿಕೆ ಕಂಡರೆ ಇದ್ದಲ್ಲೇ ಬಿಟ್ಟು ಬಂದು ನನಗೆ ಹೇಳಿ.

ಪದ್ಮಾವತಮ್ಮನವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂತು. ಹೊಳೆಯ ವಿಷಯ ಹೇಳಿದೆ, ಅವರು ಕಾಲು ತೊಳೆಯುವ ಉತ್ಸಾಹದಲ್ಲಿದ್ದರು. ದಾರಿಯ ವಿಷಯ ಹೇಳಿದೆ. ಕಲ್ಲಿನ ವಿಷಯ ಹೇಳಲಿಲ್ಲ. ನನ್ನನ್ನು ಇಲ್ಲಿಗೆ ಕರೆತಂದ ಹಿರಿಯರಿಗೆ, ಏನನ್ನೂ ಎತ್ತಿಕೊಳ್ಳಬೇಡಿ ಎಂದು ಹೇಳುವುದು ಹೇಗೆ? ಅವರನ್ನು ಅನುಮಾನಿಸಿದ ಹಾಗಾಗುತ್ತದೆ ಅನ್ನಿಸಿತು. ನುಂಗಿಕೊಂಡೆ.

ಒಳಗೆ ಮೆಕ್‌ಕಿಟ್ರಿಕ್ ಕಣಿವೆ ಬೇರೆಯದೇ ಲೋಕ. ಹೊರಗೆ ಕಳ್ಳಿ, ಒಳಗೆ ಕೆಂಪಾದ ಮೇಪಲ್ ಮರಗಳು, ಬಿಳಿ ಕಲ್ಲುಗಳ ನಡುವೆ ಹರಿಯುತ್ತ ಇದ್ದಕ್ಕಿದ್ದಂತೆ ನೆಲದೊಳಗೆ ಮಾಯವಾಗಿ ಇನ್ನೂರು ಗಜ ಮುಂದೆ ಮತ್ತೆ ಎದ್ದುಬರುವ ಹೊಳೆ. ಎದುರಿಗೆ ಬಂದವರೆಲ್ಲ ನಕ್ಕು ಒಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದರು. ಆಸ್ಟಿನ್ನಿನ ಲಿಫ್ಟಿನಲ್ಲಿ ಕಣ್ಣು ತಪ್ಪಿಸುವ ಜನವೇ ಇವರು ಎಂದು ನಂಬುವುದು ಕಷ್ಟ.

“ಇವರಿಗೆಲ್ಲ ನಿನ್ನ ಪರಿಚಯ ಇದೆಯಾ?” ಎಂದು ಪದ್ಮಾವತಮ್ಮ ಮೆಲ್ಲಗೆ ಕೇಳಿದರು.

“ಇಲ್ರಿ. ಬೆಟ್ಟದಾಗ ಹಂಗ ಮಾತಾಡಸ್ತಾರ್ರಿ.”

“ಮತ್ತೆ ಮನೆ ಪಕ್ಕದವನು ಯಾಕೆ ಮಾತಾಡ್ಸಲ್ಲ? ಅವನನ್ನೂ ಬೆಟ್ಟಕ್ಕೆ ಕರ್ಕೊಂಡು ಬರಬೇಕೇನೋ.” ಸೀರೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಅವರು ನಮ್ಮೆಲ್ಲರಿಗಿಂತ ಚುರುಕಾಗಿ ನಡೆಯುತ್ತಿದ್ದರು.

ನಾನು ಬಂಡೆಗಳಿಗೆ ಭೂತಗನ್ನಡಿ ಹಿಡಿದು ಹಿಂದೆ ಬೀಳುತ್ತಿದ್ದೆ. ಎರಡು ವರ್ಷ ಗಾಜಿನ ಮೇಲೆ ಕಂಡ ಜೀವಿಗಳೆಲ್ಲ ಇಲ್ಲಿ ಗೋಡೆಗೋಡೆಯಾಗಿ ನಿಂತಿದ್ದವು. ಎಂದೂ ಹೆಚ್ಚು ಮಾತಾಡದವಳು ಆ ದಿನ ಮಾತಾಡಿದೆ. ಇಲ್ಲೆಲ್ಲ ಒಂದು ಕಾಲಕ್ಕೆ ಸಮುದ್ರವಿತ್ತು, ಈ ಬೆಟ್ಟವನ್ನು ಸ್ಪಂಜು, ಪಾಚಿಯಂಥ ಜೀವಿಗಳು ಕಟ್ಟಿದವು ಎಂದೆ. ಜೀರಿಗೆಯಂತೆ ಕಾಣುವ ಪಳೆಯುಳಿಕೆಗಳನ್ನು ತೋರಿಸಿದೆ. “ಸುರುಳಿ ಸುರುಳಿ ಆದದ್ದೂ ಇರ್ತಾವ್ರಿ, ಅದೃಷ್ಟ ಇದ್ರ ಕಾಣ್ತಾವ. ಕಂಡ್ರ ನನಗ ಹೇಳ್ರಿ,” ಎಂದೆ.

ಹೊಳೆಯನ್ನು ಎರಡನೇ ಸಲ ದಾಟಿದ ಮೇಲೆ ಪದ್ಮಾವತಮ್ಮ ಶೂ ಲೇಸ್ ಕಟ್ಟಿಕೊಳ್ಳಲು ಒಂದು ಚಪ್ಪಡಿಯ ಮೇಲೆ ಕುಳಿತರು. ನಾನು ಹತ್ತು ಹೆಜ್ಜೆ ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅಲ್ಲಿಂದ ಮುಂದೆ ಅವರ ಮಾತು ಕಡಿಮೆಯಾಯಿತು. ಆಯಾಸ ಎಂದುಕೊಂಡೆ. ಕಣಿವೆಯೊಳಗಿನ ಹಳೆಯ ಕಲ್ಲಿನ ಮನೆಯವರೆಗೆ ಹೋಗಿ ತಿರುಗಿದೆವು. ವಾಪಸ್ಸು ಬರುವಾಗ ಅವರ ಎಡಗೈ ಸೆರಗಿನೊಳಗೇ ಇತ್ತು.

ಮೋಟೆಲ್, ಸಂಜೆ

ಕಚೇರಿಯಲ್ಲಿದ್ದ ಗುಜರಾತಿ ಹೆಂಗಸಿನಿಂದ ಥರ್ಮಾಸಿಗೆ ಬಿಸಿನೀರು ತುಂಬಿಸಿಕೊಂಡು ನಾನು ನಮ್ಮ ಕೋಣೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪದ್ಮಾವತಮ್ಮ ತಲೆಗೆ ಸ್ನಾನ ಮಾಡಿದ್ದರು. ಮೇಜಿನ ಮೇಲೆ, ಟೀವಿಯ ಪಕ್ಕದಲ್ಲಿ, ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ. ಅಕ್ಕಿಯ ಮೇಲೆ ತೊಳೆದ ಕಲ್ಲು. ಅದರ ಮುಂದೆ ನಾಲ್ಕು ಒಣದ್ರಾಕ್ಷಿ.

ದೊಡ್ಡ ನೆಲ್ಲಿಕಾಯಿಯಷ್ಟಿತ್ತು. ಬೂದು ಬಣ್ಣ, ಬಿಗಿಯಾದ ಸುರುಳಿ, ಅಂಚಿನವರೆಗೂ ಸವೆಯದ ಗೆರೆಗಳು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಅಂಥದೊಂದು ಇರಲಿಲ್ಲ.

“ಅಮ್ಮಾ, ಇದು ಎಲ್ಲಿ ಸಿಕ್ತ್ರಿ?”

“ಲೇಸ್ ಕಟ್ಟೋಕೆ ಕೂತಿದ್ನಲ್ಲ, ಅಲ್ಲೇ. ಸಡಿಲವಾಗಿತ್ತು ಕಣೇ. ಹೀಗೆ ಮುಟ್ಟಿದೆ, ಕೈಗೆ ಬಂದುಬಿಟ್ಟ. ಗಂಡಕೀಲಿ ಮಾತ್ರ ಸಿಗೋದು ಅಂತಿದ್ರು. ನೋಡು, ಚಕ್ರ ಹೇಗಿದೆ!”

ಅವರು ಅದನ್ನು ಸಾಲಿಗ್ರಾಮ ಎಂದುಕೊಂಡದ್ದು ತಪ್ಪೇನೂ ಆಗಿರಲಿಲ್ಲ. ಗಂಡಕಿ ನದಿಯ ಸಾಲಿಗ್ರಾಮವೂ ಈ ಜೀವಿಯ ನಂಟನದೇ ಅಚ್ಚು. ನನಗೆ ಅದು ಪಳೆಯುಳಿಕೆ, ಅವರಿಗೆ ದೇವರು. ಇಬ್ಬರೂ ಒಂದೇ ಗೆರೆಗಳನ್ನು ನೋಡುತ್ತಿದ್ದೆವು.

ಅನು ಹಾಸಿಗೆಯ ಮೇಲಿಂದ ತನ್ನ ಚಿತ್ರಪುಸ್ತಕವನ್ನು ಎತ್ತಿ ಹಿಡಿದಳು. “ಅಜ್ಜೀ, ಯು ಕಾಂಟ್! ದಟ್ಸ್ ಸ್ಟೀಲಿಂಗ್! ರೇಂಜರ್ ಹೇಳಿದ್ಲಲ್ಲ!”

ಕೂಗು ಕೇಳಿ ಪಕ್ಕದ ಕೋಣೆಯಿಂದ ಶ್ರೀಧರ್ ಬಂದರು. ಮಗಳು ಪೂರ್ತಿ ಕಥೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅವರು ತಲೆ ಕೆರೆದುಕೊಂಡು ನನ್ನತ್ತ ತಿರುಗಿದರು. “ಬಿಡಿ ಸುನಂದಾ, ಅಷ್ಟು ದೊಡ್ಡ ಬೆಟ್ಟದಲ್ಲಿ ಒಂದು ಕಲ್ಲು. ಹೇಗೂ ನಿಮ್ಮ ಪರ್ಮಿಟ್ ಬರುತ್ತಲ್ಲ, ಅದರಲ್ಲಿ ಇದನ್ನೂ ಸೇರಿಸಿಬಿಡಿ. ನಿಮಗೂ ಉಪಯೋಗ, ಅಮ್ಮನ ಹತ್ರಾನೂ ಇರುತ್ತೆ.”

ಆ ಮಾತು ನನ್ನೊಳಗೆ ಒಂದು ಕ್ಷಣ ನಿಂತಿತು ಎಂಬುದನ್ನು ಬರೆಯಲೇಬೇಕು.

“ಆಗೂದಿಲ್ರಿ. ಇದನ್ನ ಇದ್ದ ಜಾಗಾದಾಗ ಇಟ್ಟು ಬರಬೇಕ್ರಿ,” ಎಂದೆ.

“ಹೋಗ್ಲಿ, ಡಬ್ಬೀಲಿ ಹಾಕಿ ಪೋಸ್ಟ್ ಮಾಡೋಣ. ನಾಳೆ ಮತ್ತೆ ಉಲ್ಟಾ ಎಪ್ಪತ್ತು ಮೈಲಿ ಯಾಕೆ?”

“ಪೋಸ್ಟ್ ಮಾಡಿದ್ರ ಕಲ್ಲು ಮುಟ್ತದ್ರಿ, ಜಾಗ ಮುಟ್ಟೂದಿಲ್ಲ. ಯಾವ ಪದರದಾಗ ಇತ್ತು, ಬಾಜೂಕ ಏನಿತ್ತು, ಅದ ಅದರ ಮಾತು. ಜಾಗ ಕಳಕೊಂಡ್ರ ಮೂಕ ಆಗ್ತದ.”

“ಏನ್ರೀ ನೀವು, ನನ್ನ ಅಮ್ಮನ್ನ ಕಳ್ಳಿ ಮಾಡ್ತಿದೀರಲ್ಲ,” ಎಂದರು ಶ್ರೀಧರ್. ತಮಾಷೆಯಂತೆ ಶುರುವಾದ ಮಾತು ಕೊನೆಗೆ ತಮಾಷೆಯಾಗಿ ಉಳಿಯಲಿಲ್ಲ. ಅನುವನ್ನು ಕರೆದುಕೊಂಡು ಊಟ ತರಲು ಹೊರಟುಹೋದರು.

ಪದ್ಮಾವತಮ್ಮ ತಟ್ಟೆಯನ್ನೇ ನೋಡುತ್ತ ಕುಳಿತಿದ್ದರು. ನಾನು ಎದುರಿನ ಕುರ್ಚಿಯಲ್ಲಿ ಕುಳಿತೆ.

“ತಪ್ಪು ನಂದದ್ರಿ ಅಮ್ಮಾ. ಕಲ್ಲು ಎತ್ತಬ್ಯಾಡ್ರಿ ಅಂತ ಆಕಿ ಹೇಳಿದ್ಲು. ನಾ ನಿಮಗ ಹೇಳಲಿಲ್ಲ.”

“ಯಾಕೆ ಹೇಳಲಿಲ್ಲ?”

“ಹಿರಿಯರಿಗೆ ಹೆಂಗ ಹೇಳೂದು ಅಂತ.”

“ಹೇಳಿದ್ರೆ ಮುಟ್ತಾನೇ ಇರ್ಲಿಲ್ಲ. ಮುಟ್ಟಬೇಡ ಅಂದದ್ದನ್ನ ಮುಟ್ಟದೇ ಇರೋದು ನನಗೆ ಅಭ್ಯಾಸ.”

ತಟ್ಟೆಯ ಅಕ್ಕಿಯನ್ನು ಬೆರಳಿನಿಂದ ಸರಿಪಡಿಸುತ್ತ ಅವರಾಗಿಯೇ ಮುಂದುವರಿಸಿದರು. “ನಮ್ಮನೇಲಿ ಸಾಲಿಗ್ರಾಮದ ಪೆಟ್ಟಿಗೆ ಇತ್ತು. ಮದುವೆಯಾಗಿ ಬಂದ ದಿನದಿಂದ ನಲವತ್ತೊಂದು ವರ್ಷ ನೈವೇದ್ಯಕ್ಕೆ ಅಡುಗೆ ಮಾಡಿದೀನಿ, ಮಡೀಲಿ. ಜ್ವರ ಇದ್ರೂ ಮಾಡಿದೀನಿ. ಹೆಂಗಸರು ಮುಟ್ಟೋ ಹಾಗಿಲ್ಲ. ಮಾವನವರು ಪೂಜೆ ಮಾಡಿದ್ರು, ಆಮೇಲೆ ನಮ್ಮನೆಯವರು. ಅವರು ಹೋದ್ಮೇಲೆ, ದಿನಾ ಪೂಜೆ ಮಾಡೋ ಗಂಡಸು ಇಲ್ಲ ಅಂತ ಶ್ರೀಧರ ಪೆಟ್ಟಿಗೆ ಸಮೇತ ಮಠಕ್ಕೆ ಕೊಟ್ಟ. ನಾನು ಇದ್ದೆನಲ್ಲ, ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಇವತ್ತು ಕೈಗೆ ಬಂದಾಗ ಅನ್ನಿಸಿತು.”

ಹೇಳಬೇಕಾದದ್ದು ಬಾಯಿಗೆ ಬರುವಷ್ಟರಲ್ಲಿ ಅವರೇ ಕೇಳಿದರು.

“ನಿಮ್ಮಲ್ಲಿ ಹೆಂಗಸರೇ ಲಿಂಗಪೂಜೆ ಮಾಡ್ಕೋತಾರಂತಲ್ಲ, ಅಂಗೈ ಮೇಲೆ ಇಟ್ಕೊಂಡು?”

“ಹೌದ್ರಿ. ನಮ್ಮಜ್ಜಿ ದಿನಾ ಮಾಡ್ತಾಳ.”

“ನೀನು?”

“ನಂದು ಆಸ್ಟಿನ್‌ದಾಗ ಸೂಟ್‌ಕೇಸಿನ್ಯಾಗ ಅದ್ರಿ.” ಇದನ್ನು ಬೇರೆ ಯಾರು ಕೇಳಿದ್ದರೂ ಉತ್ತರಿಸುತ್ತಿರಲಿಲ್ಲ.

“ಅಂಗೈ ಮೇಲೆ ಹೇಗಿರುತ್ತೆ?”

“ಮೊದಲ ತಣ್ಣಗ ಇರ್ತದ್ರಿ. ಸ್ವಲ್ಪ ಹೊತ್ತಿನ ಮ್ಯಾಲೆ ಕೈಯಷ್ಟ ಬೆಚ್ಚಗ ಆಗ್ತದ.”

“ಹೌದು,” ಎಂದರು ಪದ್ಮಾವತಮ್ಮ. “ಇದೂ ಹಾಗೇ ಆಯ್ತು. ದಾರಿಯೆಲ್ಲ.”

ಅವರನ್ನು ನೋಡಿಕೊಂಡು ಹೇಳುವುದು ಸುಲಭವಾಗಿರಲಿಲ್ಲ. ಬೆಳಿಗ್ಗೆ ನುಂಗಿದ ಮಾತಿನಿಂದಲೇ ಇಷ್ಟೆಲ್ಲ ಆಗಿತ್ತು, ಈ ಸಲ ನುಂಗಬಾರದೆಂದು ನಿಶ್ಚಯಿಸಿದ್ದೆ. “ಅಮ್ಮಾ, ನಾಳೆ ಮುಂಜಾನೆ ನಾ ಅಲ್ಲಿಗೆ ಹೋಗಾಕಿ. ಶ್ರೀಧರ್ ಬರದಿದ್ರ ಯಾರದರ ಗಾಡಿ ಹಿಡಿದು ಹೋಗ್ತೇನಿ. ಕಲ್ಲು ಕೊಡೂದು ಬಿಡೂದು ನಿಮ್ಮ ಕೈಯಾಗದ. ನಾ ಕಸಗೊಳ್ಳೂದಿಲ್ಲ. ಕೊಡದಿದ್ರೂ ಆ ರೇಂಜರ್ ಮುಂದ ಆದದ್ದು ಹೇಳ್ತೇನಿ, ನಾ ಹೇಳಲಾರದಕ್ಕ ಹಿಂಗಾತು ಅಂತ.”

“ಹೇಳಿದ್ರೆ ನಿನ್ನ ಪರ್ಮಿಟ್?”

“ಹೋಗಬಹುದ್ರಿ.”

“ಹೋದ್ರೆ?”

“ಬ್ಯಾರೆ ಬೆಟ್ಟ ಓದಬೇಕಾಗ್ತದ.”

ಅವರು ನಕ್ಕರು. ನಕ್ಕದ್ದು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು. “ಧಾರವಾಡದವರು ಪೇಢಾದ ಥರ ಮೆತ್ತಗಿರ್ತಾರೆ ಅಂದ್ಕೊಂಡಿದ್ದೆ,” ಎಂದರು. ಕಲ್ಲನ್ನು ಅಕ್ಕಿಯಿಂದ ಎತ್ತಿ ಎಡ ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಶ್ರೀಧರ್ ಪಿಜ್ಜಾ ಹಿಡಿದು ಬಾಗಿಲು ತಟ್ಟಿದಾಗಲೂ ಹಾಗೇ ಇದ್ದರು. ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಮತ್ತೆ ಗೇಟಿನ ಒಳಗೆ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಪದ್ಮಾವತಮ್ಮ ಸ್ನಾನ ಮುಗಿಸಿ, ಶೂ ಹಾಕಿಕೊಂಡು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು. ಬಲ ಮಂಡಿ ಊದಿಕೊಂಡಿತ್ತು. ಶ್ರೀಧರ್‌ಗೆ ಅವರೇ ಅಪ್ಪಣೆ ಕೊಟ್ಟರು. “ಗಾಡಿ ತೆಗಿ. ವಾಪಸ್ಸು ಇಡೋ ಕೆಲಸ ಬಾಕಿ ಇದೆ.” ಶ್ರೀಧರ್ ನನ್ನತ್ತ ನೋಡಲಿಲ್ಲ, ಆದರೆ ಗಾಡಿ ತೆಗೆದರು.

ಅದೇ ರೇಂಜರ್ ಇದ್ದಳು. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವಳು ಕಾರಿನ ಕಿಟಕಿಯ ಬಳಿ ಬಂದು ಪದ್ಮಾವತಮ್ಮನ ಅಂಗೈ ಮೇಲಿದ್ದ ಕಲ್ಲನ್ನು ಬಗ್ಗಿ ನೋಡಿದಳು, ಮುಟ್ಟಲಿಲ್ಲ. ನನ್ನ ಹೆಸರನ್ನೂ ಪ್ರೊಫೆಸರರ ಹೆಸರನ್ನೂ ಬರೆದುಕೊಂಡಳು. ಯಾಕೆಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. “ಜಾಗ ಗೊತ್ತಿದೆಯೇ?” ಎಂದಳು. ಗೊತ್ತಿದೆ ಎಂದೆ. ಹಾಗಾದರೆ ಹೋಗಿ ಇಟ್ಟು ಬಾ ಎಂದಳು.

ಪದ್ಮಾವತಮ್ಮ ಇಳಿದು ನಾಲ್ಕು ಹೆಜ್ಜೆ ಇಟ್ಟು ಕಾರನ್ನು ಹಿಡಿದುಕೊಂಡರು. ಮಂಡಿ ಒಪ್ಪಲಿಲ್ಲ. ಒಂದೂವರೆ ಮೈಲಿ ಸಾಧ್ಯವಿರಲಿಲ್ಲ. ನನ್ನ ಕೈಯನ್ನು ಬಿಡಿಸಿ ಕಲ್ಲನ್ನು ಇಟ್ಟರು. ಬೆಚ್ಚಗಿತ್ತು. ಆಮೇಲೆ ಟಿಶ್ಯೂ ಕಾಗದದಲ್ಲಿ ಮಡಚಿದ ನಾಲ್ಕು ಒಣದ್ರಾಕ್ಷಿ ಕೊಟ್ಟರು.

“ಇಟ್ಟಮೇಲೆ ನೈವೇದ್ಯ ತೋರಿಸು. ಮಂತ್ರ ಗಿಂತ್ರ ಏನೂ ಬೇಡ.”

“ಅಲ್ಲಿ ಏನೂ ಬಿಟ್ಟು ಬರೂ ಹಂಗಿಲ್ರಿ ಅಮ್ಮಾ. ತಿನ್ನೂದಂತೂ ಬಿಡಲೇಬಾರದು.”

“ಬಿಟ್ಟು ಬಾ ಅಂತ ಯಾರು ಹೇಳಿದ್ರೇ? ದೇವರು ಯಾವತ್ತು ತಿಂದಿದಾನೆ? ತೋರಿಸೋದು, ತಿನ್ನೋದು. ಹೋಗು, ಬಿಸಿಲಾಗತ್ತೆ.”

ಒಬ್ಬಳೇ ಹೊರಟೆ. ಎದುರಿಗೆ ಬಂದವರು ಮಾತಾಡಿಸಿದರು, ನಾನೂ ಮಾತಾಡಿಸಿದೆ. ಕಲ್ಲು ಹಿಡಿದ ಎಡಗೈಯನ್ನು ಜೇಬಿಗೆ ಹಾಕಲಿಲ್ಲ. ಎರಡನೇ ಸಲ ಹೊಳೆ ದಾಟಿದ ಮೇಲೆ ಚಪ್ಪಡಿ ಸಿಕ್ಕಿತು, ಆದರೆ ಅದರ ಸುತ್ತ ಬರೀ ನುಣುಪು ಬಂಡೆ. ಮಂಡಿಯೂರಿ ಭೂತಗನ್ನಡಿ ಹಿಡಿದು ಅಂಚಿನುದ್ದಕ್ಕೂ ಹುಡುಕಿದೆ. ಅರ್ಧ ಗಂಟೆ ಹಿಡಿಯಿತು. ಚಪ್ಪಡಿಯ ಕೆಳಬದಿಯಲ್ಲಿ, ಕುಳಿತವರ ಕೈ ತಾನಾಗಿ ಇಳಿಯುವ ಎತ್ತರದಲ್ಲಿ ಒಂದು ಕುಳಿ. ಕುಳಿಯೊಳಗೆ ಅದೇ ಸುರುಳಿಯ ಅಚ್ಚು, ಒಳಮುಖವಾಗಿ, ಗೆರೆಗೆ ಗೆರೆ.

ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ಒತ್ತಿದೆ. ಕೂತಿತು. ಅಂಗೈ ಖಾಲಿಯಾಯಿತು, ತಣ್ಣಗಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಟಿಶ್ಯೂ ಬಿಡಿಸಿದೆ. ಹೇಗೆ ತೋರಿಸುತ್ತಾರೋ ನನಗೆ ಸರಿಯಾಗಿ ಗೊತ್ತಿರಲಿಲ್ಲ. ದ್ರಾಕ್ಷಿಯನ್ನು ಅಂಗೈ ಮೇಲಿಟ್ಟು, ಕುಳಿಯ ಮುಂದೆ ಹಿಡಿದು, ಮನಸ್ಸಿನಲ್ಲೇ ಹತ್ತು ಎಣಿಸಿದೆ. ಎರಡನ್ನು ಅಲ್ಲೇ ತಿಂದೆ. ಉಳಿದ ಎರಡನ್ನು ಕಾರಿನಲ್ಲಿ ಕಾಯುತ್ತಿದ್ದವರಿಗೆಂದು ಮತ್ತೆ ಮಡಚಿ ಹಿಡಿದುಕೊಂಡು ವಾಪಸ್ಸು ನಡೆದೆ.